ಸೋಲಾಪುರದ ಗಿರಣಿ ಮುಚ್ಚಿದ್ದಕ್ಕೂ ಸ್ಮಾರ್ಟ್ ಸಿಟಿಗೂ ಸಂಬಂಧ ಇದೆಯಾ? ಯಾವ ಲೆಕ್ಕ ನೋಡಬೇಕು?

ಎಂ.ಎ. ಪ್ರಬಂಧಕ್ಕೆ 'ನವ ಉದಾರವಾದ ಮತ್ತು ನಗರ' ಎಂಬ ವಿಷಯ (ಸರ್ಕಾರ ಹಿಂದೆ ಸರಿದು ಮಾರುಕಟ್ಟೆಗೆ ದಾರಿ ಬಿಡುವ ನೀತಿ ನಗರಕ್ಕೆ ಏನು ಮಾಡಿತು ಎಂಬುದು) ಸಿಕ್ಕಿದೆ, ಗಿರಣಿ ಮತ್ತು ಸ್ಮಾರ್ಟ್ ಸಿಟಿ ಎರಡನ್ನೂ ಜೋಡಿಸುವುದು ಹೇಗೆ ಎಂದು ಕೇಳಿದ್ದೀರಿ. ಸಂಬಂಧ ಇದೆ. ಆದರೆ ಗಿರಣಿ ಹೋಗಿ ಮಾಲ್ ಬಂತು ಎಂಬ ಮುಂಬಯಿಯ ಕತೆಯನ್ನು ಇಲ್ಲಿಗೆ ಅಂಟಿಸಬೇಡಿ. ಸೋಲಾಪುರದಲ್ಲಿ ಕೆಲಸ ಪೂರ್ತಿ ಊರು ಬಿಡಲಿಲ್ಲ. ದೊಡ್ಡ ಗೇಟಿನ ಒಳಗಿದ್ದದ್ದು ಸಣ್ಣ ಶೆಡ್ಡಿಗೂ ಮನೆಯ ಪಡಸಾಲೆಗೂ ಬಂತು. ಜಾಗ, ಕರೆಂಟು, ಕಾಯಿಲೆ, ಕೆಲಸ ಇಲ್ಲದ ದಿನ, ಇವೆಲ್ಲದರ ಖರ್ಚನ್ನೂ ಜೊತೆಗೇ ತಂತು. ಆಮೇಲೆ ಪಾಲಿಕೆಯ ಖರ್ಚೂ ಅದೇ ಬಾಗಿಲಿಗೆ ಬಂದು ನಿಂತಿತು. ನೀವು ಹಿಡಿಯಬೇಕಾದದ್ದು ಈ ಎರಡನ್ನು.

ಎಲ್ಲವನ್ನೂ 1991ರ ಆರ್ಥಿಕ ಉದಾರೀಕರಣದ ತಲೆಗೆ ಕಟ್ಟಿದರೆ ಪರೀಕ್ಷಕರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. 1877ರಲ್ಲಿ ಶುರುವಾದ ಹಳೇ ಗಿರಣಿ 1949ರಲ್ಲೇ ಒಮ್ಮೆ ಬಾಗಿಲು ಹಾಕಿತ್ತು. 1950ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಅದರ ಆಡಳಿತ ವಹಿಸಿಕೊಂಡಿತು. ಷೇರುದಾರರೊಬ್ಬರು ಅದನ್ನು ಪ್ರಶ್ನಿಸಿದ್ದೇ ಸುಪ್ರೀಂ ಕೋರ್ಟಿನ ಚರಂಜಿತ್ ಲಾಲ್ ಪ್ರಕರಣ. 1990ರ ದಶಕದಲ್ಲಿ ಲಕ್ಷ್ಮೀ ವಿಷ್ಣು ಗಿರಣಿ ನಿಂತಾಗ ಅದು ಮತ್ತೆ ತೆರೆಯಲೇ ಇಲ್ಲ. ಬಿಕ್ಕಟ್ಟು ಹಳೆಯದು, ಬದಲಾದದ್ದು ಸರ್ಕಾರದ ನಡೆ. ಹೀಗೆ ಬರೆದರೆ ವಾದ ಗಟ್ಟಿ.

ಚಾದರ, ಟವೆಲ್ ನೇಯುವ ಪವರ್‌ಲೂಮ್ ಶೆಡ್ಡುಗಳ ಬಗ್ಗೆ ಒಂದೇ ಮಾತು. 1948ರ ಕಾರ್ಖಾನೆ ಕಾಯ್ದೆಯ ಮೂಲ ಮಿತಿ, ಕರೆಂಟ್ ಬಳಸುವ ಕಡೆ 10 ಜನ ಆಗಿತ್ತು; ಅದಕ್ಕಿಂತ ಕಡಿಮೆ ಇದ್ದರೆ ಕಾರ್ಖಾನೆ ಅಲ್ಲ. ಮಗ್ಗಗಳನ್ನು ಹೆಂಡತಿ, ತಮ್ಮ, ಮಗನ ಹೆಸರಿಗೆ ಹಂಚಿ ಬರೆಸಿದರೆ ಒಂದೇ ಸೂರಿನಡಿ ಕಾಗದದ ಮೇಲೆ ಮೂರು ನಾಲ್ಕು 'ಸಂಸ್ಥೆ' ಆಗುತ್ತವೆ, ಯಾವುದೂ ಕಾರ್ಖಾನೆ ಆಗುವುದಿಲ್ಲ. ಆದ್ದರಿಂದ ನೋಂದಣಿ ಸಂಖ್ಯೆ ಎಣಿಸಬೇಡಿ. ಶೆಡ್ಡಿನಲ್ಲಿ ಓಡುವ ಮಗ್ಗ ಎಣಿಸಿ, ಪಾಳಿಗೆ ಎಷ್ಟು ಜನ ಎಂದು ಕೇಳಿ.

ಬೀಡಿಗೆ ಮಾತ್ರ ಸಮಯ ಕೊಡಿ. ಗಿರಣಿ ಪಗಾರ ನಿಂತ ಎಷ್ಟೋ ಮನೆಗಳು ನಡೆದದ್ದು ಹೆಂಗಸರ ಬೀಡಿ ದುಡ್ಡಿನಲ್ಲಿ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. ಎಲೆ, ತಂಬಾಕು, ದಾರ ಮಾಲಕರು, ಗುತ್ತಿಗೆದಾರರ ಕಡೆಯಿಂದ ಬರುತ್ತದೆ. ಎಲೆ ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ತಂಬಾಕು ತುಂಬಿ ಸುತ್ತಿ, ಬಾಯಿ ಮಡಚಿ, ದಾರ ಕಟ್ಟಿ, 25ರ ಕಟ್ಟು ಮಾಡಿ ಒಪ್ಪಿಸಬೇಕು. ಸುತ್ತುವ ಹೊತ್ತಷ್ಟೇ ಎಣಿಸಿ ಕೂಲಿ ಲೆಕ್ಕ ಹಾಕಿದರೆ ತಪ್ಪು. ನೆನೆಸುವುದು, ಕತ್ತರಿಸುವುದು, ಒಪ್ಪಿಸಲು ಸಾಲಿನಲ್ಲಿ ನಿಲ್ಲುವುದು, ಇವನ್ನೂ ಸೇರಿಸಿ. ಉದಾಹರಣೆಗೆ ಸಾವಿರಕ್ಕೆ 200 ರೂಪಾಯಿ ಎಂದಿಟ್ಟುಕೊಳ್ಳಿ (ನಿಜವಾದ ದರ ಬೀಡಿ ಕಟ್ಟುವವರ ಲೆಕ್ಕದ ಪುಸ್ತಕದಲ್ಲೇ ನೋಡಿ). 50 ಬೀಡಿ ಸರಿಯಿಲ್ಲ ಎಂದು ತೆಗೆದರೆ ಉಳಿಯುವುದು 190. ತೂಗಿಕೊಟ್ಟ ಎಲೆಯಲ್ಲಿ ಹರಿದದ್ದು ಹೆಚ್ಚಿದ್ದು, 20 ರೂಪಾಯಿಯ ಎಲೆ ಕೈಯಿಂದ ತಂದರೆ 170. ಒಟ್ಟು ಹತ್ತು ತಾಸು ಹಿಡಿದರೆ ತಾಸಿಗೆ 17. ತೆಗೆದುಹಾಕಿದ ಬೀಡಿಯನ್ನು ಗುತ್ತಿಗೆದಾರರು ವಾಪಸು ಕೊಟ್ಟರೋ, ತಾವೇ ಇಟ್ಟುಕೊಂಡರೋ, ಅದನ್ನೂ ಕೇಳಿ. ಇಟ್ಟುಕೊಂಡರೆ ಅದು ಪುಕ್ಕಟೆ ಮಾಲು.

ಮನೆಯಲ್ಲಿ ಬೀಡಿ ಕಟ್ಟುವವರೂ ಭವಿಷ್ಯನಿಧಿಗೆ ನೌಕರರೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಹೇಳಿದೆ. ಅದನ್ನು ತಪ್ಪಿಸಲು ಬೀಡಿ ಧಂಧೆಯಲ್ಲಿರುವ ದಾರಿ: ಎಲೆ ಮಾರಿದ್ದೇವೆ, ಬೀಡಿ ಕೊಂಡಿದ್ದೇವೆ ಎಂದು ಬರೆಯುವುದು. ಆಗ ಆಕೆ ಕೆಲಸದವಳಲ್ಲ, 'ವ್ಯಾಪಾರಿ'! ಮೊದಲು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಪ್ರತ್ಯೇಕ ಸೆಸ್ ಇತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದೂ ಹೋಯಿತು. ದವಾಖಾನೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಈಗ ಬಜೆಟ್ಟಿನ ಕಡೆ ನೋಡಬೇಕು.

ಇನ್ನು ನಗರದ ಖರ್ಚು. ಪಾಲಿಕೆಗೆ ತನ್ನದೇ ಆದ ದೊಡ್ಡ ಆದಾಯ ಜಕಾತಿ, ಊರೊಳಗೆ ಬರುವ ಮಾಲಿನ ಮೇಲಿನ ತೆರಿಗೆ ಆಗಿತ್ತು. ಅದು ಹೋಗಿ ಎಲ್‌ಬಿಟಿ (ಸ್ಥಳೀಯ ಸಂಸ್ಥೆ ತೆರಿಗೆ) ಬಂತು. 2015ರ ಆಗಸ್ಟ್ 1ರಿಂದ 50 ಕೋಟಿಗಿಂತ ಕಡಿಮೆ ವಹಿವಾಟಿನವರಿಗೆ ಅದೂ ರದ್ದು, 2017ರಲ್ಲಿ ಜಿಎಸ್‌ಟಿ. ಪಾಲಿಕೆ ರಾಜ್ಯದ ಅನುದಾನಕ್ಕೆ ಕೈಚಾಚುವ ಸ್ಥಿತಿಗೆ ಬಂತು. ತಾನೇ ಏರಿಸಬಹುದಾದದ್ದು ಮನೆಪಟ್ಟಿ (ಮನೆ ತೆರಿಗೆ), ಪಾಣಿಪಟ್ಟಿ (ನೀರಿನ ಕರ) ಇಂಥವು. ಇದರ ನಡುವೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20ರ ಪಟ್ಟಿಯಲ್ಲಿ ಸೋಲಾಪುರದ ಹೆಸರು ಬಂತು. ಯೋಜನೆಯ ಪ್ರಕಾರ ಕೇಂದ್ರದ ಪಾಲು ಒಂದು ನಗರಕ್ಕೆ ಐದು ವರ್ಷದಲ್ಲಿ 500 ಕೋಟಿ, ಅಷ್ಟೇ ಮೊತ್ತ ರಾಜ್ಯ ಮತ್ತು ಪಾಲಿಕೆಯದು ಆಗಿತ್ತು. ಖರ್ಚು ಮಾಡಿದ್ದು ಪಾಲಿಕೆ ಸಭೆಯಲ್ಲ, ಕಂಪನಿ ಕಾಯ್ದೆಯಡಿ ಹುಟ್ಟಿದ ಪ್ರತ್ಯೇಕ ಕಂಪನಿ. ನಿಮ್ಮ ವಾರ್ಡಿನ ನಗರಸೇವಕನಿಗೆ (ಕಾರ್ಪೊರೇಟರ್) ಅದನ್ನು ಏನು ಕೇಳಲು ಸಾಧ್ಯವಿತ್ತು? ಹಣದ ದೊಡ್ಡ ಪಾಲು ಇಟ್ಟದ್ದು ಆಯ್ದ ಪ್ರದೇಶಕ್ಕೆ. ಹಳೆ ಬಡಾವಣೆ ಸುಧಾರಣೆಗೆ ಮಾರ್ಗಸೂಚಿ ಹೇಳಿದ ಅಳತೆ 500 ಎಕರೆಗಿಂತ ಹೆಚ್ಚು, ಅಷ್ಟೇ. ನಕ್ಷೆ ತೆಗೆದು ಬೀಡಿ, ಮಗ್ಗದ ಓಣಿಗಳು ಆ ಗೆರೆಯ ಒಳಗೋ ಹೊರಗೋ ಗುರುತು ಹಾಕಿ.

ನೀರಿನ ಲೆಕ್ಕ ಎಲ್ಲರಿಗೂ ಕಾಣುವಂಥದು. ನೀರು ಬರುವ ಉಜನಿ ಅಣೆಕಟ್ಟು ನೂರು ಕಿ.ಮೀ.ಗೂ ದೂರ, ನಳ ದಿನಾ ಬರುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ಎಂದು ಹಿಡಿದರೆ, ನಗರಕ್ಕೆ ಹೇಳುವ ತಲೆಗೆ ದಿನಕ್ಕೆ 135 ಲೀಟರ್ ಪ್ರಕಾರ ಐದು ಮಂದಿಗೆ 2,700 ಲೀಟರ್ ತುಂಬಿಡಬೇಕು: 200 ಲೀಟರಿನ ಹದಿಮೂರು ಹದಿನಾಲ್ಕು ಡ್ರಮ್ಮು. ಬೀಡಿ ಕಟ್ಟುವ ಒಂದೇ ಕೋಣೆಯಲ್ಲಿ ಐದು ಡ್ರಮ್ಮು ಇಟ್ಟರೆ ಮಲಗಲು ಜಾಗ ಇಲ್ಲ. ಮೀಟರ್ ಇಲ್ಲದ ಕಡೆ ಪಟ್ಟಿ ವರ್ಷಕ್ಕೆ ಇಂತಿಷ್ಟು; ನೀರು ಬರುವ ದಿನ ಕಡಿಮೆಯಾದರೂ ಪಟ್ಟಿ ಇಳಿಯುವುದಿಲ್ಲ. ಡ್ರಮ್ಮು, ಮೋಟಾರು, ನಳಕ್ಕಾಗಿ ಕಾದು ತಪ್ಪಿದ ಕೂಲಿ, ಇವನ್ನೂ ನೀರಿನ ದರಕ್ಕೆ ಸೇರಿಸಿ.

ಒಂದು ಗೆಲುವನ್ನೂ ಬಿಡಬೇಡಿ. ಕುಂಭಾರಿಯ ರೇ ನಗರದಲ್ಲಿ ಅಸಂಘಟಿತ ಕಾರ್ಮಿಕರಿಗೆ 30,000 ಮನೆಯ ಯೋಜನೆ. 2024ರ ಜನವರಿಯಲ್ಲಿ 15,000 ಮನೆ ಹಸ್ತಾಂತರವಾಯಿತು. ಅದು ತಾನಾಗಿ ಬಂದದ್ದಲ್ಲ, ಮಾಜಿ ಶಾಸಕ ನರಸಯ್ಯ ಆಡಮ್ ಮುಂದಾಳುತನದಲ್ಲಿ ಕಾರ್ಮಿಕರು ವರ್ಷಗಟ್ಟಲೆ ಬೆನ್ನು ಹತ್ತಿ ಪಡೆದದ್ದು. ಒಂದು ಮನೆಗೆ ಕೇಂದ್ರದ 1.5 ಲಕ್ಷ, ರಾಜ್ಯದ 1 ಲಕ್ಷ ಬಿಟ್ಟು ಉಳಿದದ್ದು ಫಲಾನುಭವಿಯದು, ಅಂದರೆ ಸಾಲದ ಕಂತು. ಜಾಗ ಅಕ್ಕಲಕೋಟ ರಸ್ತೆಯಲ್ಲಿ, ಊರ ಹೊರಗೆ. ಮನೆ ಸ್ವಂತದ್ದಾಯಿತು, ಬೀಡಿ ಒಪ್ಪಿಸುವ ಜಾಗ ಅಲ್ಲಿಂದ ಎಷ್ಟು ದೂರ, ಹೋಗಿಬರುವ ರಿಕ್ಷಾ ಎಷ್ಟು, ಕಂತು ಎಷ್ಟು, ಹಿಂದಿನ ಬಾಡಿಗೆ ಎಷ್ಟಿತ್ತು ಎಂಬ ನಾಲ್ಕು ಅಂಕಿಯನ್ನು ಮನೆಮನೆಗೆ ಬರೆದುಕೊಳ್ಳಿ. ಮಾಲು ಒಪ್ಪಿಸುವ ಹೊತ್ತಿಗೆ ಹೋಗಬೇಡಿ, ಯಾರೂ ಮಾತಿಗೆ ಸಿಗುವುದಿಲ್ಲ. ನಮ್ಮ ಕನ್ನಡ ಅಕ್ಕಲಕೋಟ ಕಡೆಯ ಮನೆಗಳಲ್ಲಿ ನಡೆಯುತ್ತದೆ; ಪದ್ಮಶಾಲಿ (ತೆಲುಗು ನೇಕಾರರ) ಓಣಿಗಳಿಗೆ ತೆಲುಗು ಬಲ್ಲ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ.