ಹಳೇ ಉಪಗ್ರಹಗಳನ್ನು ಮೇಲೇ ಬಿಡ್ತಾರಾ?

ಕೆಲಸ ಮುಗಿದ ಉಪಗ್ರಹಗಳನ್ನು ಇಸ್ರೋ ಸುಮ್ನೆ ಮೇಲೇ ಬಿಟ್ಟುಬಿಡುತ್ತಾ ಅಂತ ಕೇಳಿದ್ದೀರಿ. ಎಲ್ಲವನ್ನೂ ಅಲ್ಲ. ಮೇಘಾ-ಟ್ರಾಪಿಕ್ಸ್ ಕತೆ ಕೇಳಿ. ಉಷ್ಣವಲಯದ ಮೋಡ, ಮಳೆ ಗಮನಿಸಲು 2011ರಲ್ಲಿ ಫ್ರಾನ್ಸ್ ಜೊತೆ ಸೇರಿ ಹಾರಿಸಿದ್ದು. ಸುಮಾರು 1000 ಕೆಜಿ ತೂಕ. ಹಾಗೇ ಬಿಟ್ಟಿದ್ದರೆ ನೂರು ವರ್ಷಕ್ಕಿಂತ ಜಾಸ್ತಿ ಸುತ್ತುತ್ತಿತ್ತು. ಟ್ಯಾಂಕಿನಲ್ಲಿ 125 ಕೆಜಿಯಷ್ಟು ಇಂಧನ ಉಳಿದಿತ್ತು. ಅದನ್ನೇ ಉರಿಸಿ, ಸ್ವಲ್ಪ ಸ್ವಲ್ಪವೇ ಕೆಳಗೆ ತಂದು, 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲೆ ಬೀಳಿಸಿದರು. ಹೀಗೆ ಇಳಿಸಲೆಂದು ಅದನ್ನು ಕಟ್ಟಿರಲೇ ಇಲ್ಲ! ನನಗೆ ಅದೇ ದೊಡ್ಡದು ಅನಿಸುತ್ತೆ. 2030ರೊಳಗೆ ಭಾರತದ ಯಾನಗಳೆಲ್ಲ ಕಸ ಉಳಿಸಬಾರದು ಅನ್ನೋ ಗುರಿಯೂ ಇದೆ.

ಮೋಡವಿಲ್ಲದ ಸಂಜೆ ತೀರ್ಥಹಳ್ಳಿಯ ನಮ್ಮ ಮನೆ ಅಂಗಳದಲ್ಲಿ, ಒಣಹಾಕಿದ ಅಡಿಕೆ ಪಕ್ಕ ನಿಂತು ನೋಡಿದರೆ ಮಿನುಗದೇ ಸರಿಯುವ ಚುಕ್ಕಿಗಳು ಕಾಣುತ್ತವೆ. ಅಂಥವುಗಳಲ್ಲಿ ಖಾಲಿ ರಾಕೆಟ್ ಭಾಗಗಳೂ ಇರುತ್ತವೆ.