ಯೂನಿಯನ್ ಅಂದ್ರೆ ಕಾಲೇಜ್ ಡೇ ಮಾತ್ರನಾ?

ವಿದ್ಯಾರ್ಥಿ ಸಂಘದ ಬಗ್ಗೆ ಬಂದ ಮೂರು ಪತ್ರಗಳಿಗೆ ಈ ವಾರ ಉತ್ತರ. ಉತ್ತರಿಸಿದವರು ಹಾಸನದ ನಿವೃತ್ತ ಪ್ರಾಧ್ಯಾಪಕರು. ಕಾಲೇಜಿನಲ್ಲಿ ಹಲವು ವರ್ಷ ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ ಆಗಿದ್ದವರು.

ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಿನಲ್ಲಿ ಎರಡನೇ ವರ್ಷದ ಬಿಎಸ್ಸಿ ಓದುತ್ತಿದ್ದೇನೆ. ಮಾರ್ಕ್ಸ್ ಜಾಸ್ತಿ ಬಂತು ಅಂತ ನನ್ನನ್ನೇ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಮಾಡಿದ್ದಾರೆ. ಪ್ರಮಾಣವಚನ ಆಯಿತು, ಬ್ಯಾಡ್ಜ್ ಕೊಟ್ಟರು. ಆಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಎಥ್ನಿಕ್ ಡೇ, ಕಾಲೇಜ್ ಡೇ ಬಿಟ್ಟರೆ ಸಂಘಕ್ಕೆ ಬೇರೆ ಕೆಲಸ ಇದೆಯಾ? (ಮೂಡಿಗೆರೆ ಕಡೆಯ ಓದುಗರು)

ಉತ್ತರ: ಬ್ಯಾಡ್ಜ್ ಕೊಟ್ಟು ಕೆಲಸ ಹೇಳದೆ ಬಿಡುವುದು ನಮ್ಮ ಹಳೇ ರೂಢಿ. ನಾನೂ ಹಾಗೆ ಮಾಡಿದವನೇ, ಒಪ್ಪಿಕೊಳ್ಳುತ್ತೇನೆ.

ಹಿಂದಿನ ಕಥೆ ಒಂಚೂರು ಗೊತ್ತಿರಲಿ. ಕರ್ನಾಟಕದ ಕಾಲೇಜುಗಳಲ್ಲಿ ಮೊದಲು ಓಟು ಹಾಕಿಯೇ ಯೂನಿಯನ್ ಆರಿಸುತ್ತಿದ್ದರು. ಹೊಡೆದಾಟ, ಪಕ್ಷಗಳ ಕೈವಾಡ ಜಾಸ್ತಿ ಆಯ್ತು ಅಂತ 1980ರ ದಶಕದ ಕೊನೆಗೆ ಸರ್ಕಾರ ಅದನ್ನು ನಿಲ್ಲಿಸಿತು. ಅಲ್ಲಿಂದ ಬಹಳಷ್ಟು ಕಡೆ ಮಾರ್ಕ್ಸ್ ಕಾರ್ಡ್ ನೋಡಿಯೇ ಕಾರ್ಯದರ್ಶಿ ಮಾಡುತ್ತಾರೆ. ಗಲಾಟೆ ನಿಂತಿತು, ನಿಜ. ಜೊತೆಗೆ ಕೇಳುವ ಬಾಯಿಯೂ ಮುಚ್ಚಿಹೋಯಿತು. ಚೆನ್ನಾಗಿ ಓದುವ ಮಕ್ಕಳಿಗೆ ಮೇಷ್ಟ್ರ ಮುಂದೆ ‘ಇಲ್ಲ ಸರ್’ ಅನ್ನೋದು ಕಷ್ಟ. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇರುತ್ತೆ ಅಲ್ವಾ?

ಒಬ್ಬೊಬ್ಬರೇ ಹೇಳಿದರೆ ಗೊಣಗಾಟ ಅನ್ನಿಸುತ್ತೆ. ಅದನ್ನೇ ಎಲ್ಲರಿಂದ ಕೇಳಿ, ಎಣಿಸಿ, ಕಾಗದದ ಮೇಲೆ ಬರೆದು ಕೊಟ್ಟರೆ ಯಾರೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಸಂಘದ ಕೆಲಸ ಇದು.

ನಾನು ಕಣ್ಣಾರೆ ಕಂಡದ್ದು ಒಂದು ಹೇಳುತ್ತೇನೆ. ನಮ್ಮಲ್ಲಿ ಲ್ಯಾಬ್ ಮುಗಿಯುತ್ತಿದ್ದದ್ದು ನಾಲ್ಕೂವರೆಗೆ. ಸಕಲೇಶಪುರ ಕಡೆಯ ಆರ್ಡಿನರಿ ಬಸ್ಸು ನಾಲ್ಕು ನಲವತ್ತಕ್ಕೆ ಬಿಡುತ್ತಿತ್ತು. ಕಾಲೇಜಿನಿಂದ ಸ್ಟ್ಯಾಂಡಿಗೆ ಇಪ್ಪತ್ತು ನಿಮಿಷದ ನಡಿಗೆ. ಆ ಬಸ್ಸು ತಪ್ಪಿದರೆ ಸಣ್ಣ ಸ್ಟಾಪಿನಲ್ಲಿ ನಿಲ್ಲುವ ಗಾಡಿ ಮತ್ತೆ ಆರು ಗಂಟೆಗೇ. ಮಳೆಗಾಲದಲ್ಲಿ ಬಾಳ್ಳುಪೇಟೆಯಲ್ಲಿ ಇಳಿದು ತೋಟದ ದಾರಿ ಹಿಡಿಯುವ ಹುಡುಗಿಯರಿಗೆ ಆ ಹೊತ್ತಿಗೆ ಕತ್ತಲು. ಅದಕ್ಕೇ ಟೈಟ್ರೇಷನ್ ಮಧ್ಯದಲ್ಲಿ ಬ್ಯುರೆಟ್ ಹಾಗೇ ಬಿಟ್ಟು ಓಡುತ್ತಿದ್ದರು. ಮೇಷ್ಟ್ರು ಅಟೆಂಡೆನ್ಸ್ ಕಟ್ ಮಾಡುತ್ತಿದ್ದರು. ಇಬ್ಬರ ಮೇಲೂ ತಪ್ಪು ಹೊರಿಸೋಕಾಗಲ್ಲ.

ಆ ವರ್ಷದ ಕಾರ್ಯದರ್ಶಿ ಮಾತೇ ಆಡದ ಹುಡುಗ. ನಾಲ್ಕು ದಿನ ನೋಟ್‌ಬುಕ್ ಹಿಡಿದು ಸ್ಟ್ಯಾಂಡಿನಲ್ಲಿ ನಿಂತ. ಯಾರು ಯಾವ ಕ್ಲಾಸು, ಎಲ್ಲಿ ಇಳಿಯುತ್ತಾರೆ ಅಂತ ಬರೆದುಕೊಂಡ. 43 ಹೆಸರು ಆಯಿತು. ಪ್ರಾಂಶುಪಾಲರ ಪತ್ರ ಇಟ್ಟುಕೊಂಡು ಡಿಪೋಗೆ ಹೋದೆವು. ಮ್ಯಾನೇಜರ್ ಟೀ ಕುಡಿಸಿ, ಆಗಲ್ಲ ಅಂದರು. ಅದೇ ಗಾಡಿ ಸಕಲೇಶಪುರದಲ್ಲಿ ಇನ್ನೊಂದು ಟ್ರಿಪ್ ಹೊಡೆಯಬೇಕಂತೆ. ನಾನು ಅಲ್ಲಿಗೇ ಕೈಬಿಟ್ಟಿದ್ದೆ. ಹುಡುಗ ಬಿಡಲಿಲ್ಲ. ಅದೇ ಹಾಳೆಯನ್ನು ಮಾರನೇ ದಿನ ಪ್ರಾಂಶುಪಾಲರ ಟೇಬಲ್ ಮೇಲಿಟ್ಟ. ‘ಬಸ್ಸಿನ ಟೈಮ್ ಬದಲಾಗಲ್ಲವಂತೆ ಸರ್. ಊಟದ ಬಿಡುವು ಒಂದು ಗಂಟೆ ಇದೆ, ಅರ್ಧ ಗಂಟೆ ಮಾಡಿದರೆ ಲ್ಯಾಬ್ ನಾಲ್ಕಕ್ಕೆ ಮುಗಿಯುತ್ತೆ’ ಅಂದ. ಎರಡು ವಾರದಲ್ಲಿ ಟೈಮ್‌ಟೇಬಲ್ ಬದಲಾಯಿತು. ಕ್ಯಾಂಟೀನಿನವರು ಮಾತ್ರ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು!

ನೀವು ಮೂಡಿಗೆರೆ ಕಡೆಯಿಂದ ಆಲ್ದೂರು ರಸ್ತೆಯಲ್ಲೇ ಓಡಾಡುವವರು. ಇಂಥದ್ದು ನಿಮಗೂ ನಾಲ್ಕು ಸಿಗುತ್ತೆ.

ಇನ್ನು ಅಧಿಕಾರದ ಮಾತು. ವಿದ್ಯಾರ್ಥಿಗಳಿಗೆ ಅಂತಲೇ ಕುರ್ಚಿ ಇರುವ ಸಮಿತಿಗಳಿವೆ, ಮಕ್ಕಳಿಗೇ ಗೊತ್ತಿರಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗಾಗಿ ಕಾಲೇಜಿನಲ್ಲಿ ಐಕ್ಯೂಎಸಿ ಅಂತ ಗುಣಮಟ್ಟ ನೋಡಿಕೊಳ್ಳುವ ಒಂದು ಘಟಕ ಇರುತ್ತೆ. ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿ ಇರಬೇಕು. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮದ ಪ್ರಕಾರ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಅದರಲ್ಲಿ ಮೂವರು ವಿದ್ಯಾರ್ಥಿಗಳು ಕೂರಬೇಕು. ಅವರನ್ನೂ ಚುನಾವಣೆಯಿಂದಲೇ ಆರಿಸಬೇಕು. 2023ರ ಯುಜಿಸಿ ನಿಯಮದಂತೆ ಕುಂದುಕೊರತೆ ಸಮಿತಿಯೂ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು ಅನ್ನೋದು ಲೆಕ್ಕ. ಅಲ್ಲಿ ಸರಿಹೋಗಲಿಲ್ಲ ಅಂದರೆ ವಿಶ್ವವಿದ್ಯಾಲಯದಲ್ಲಿ ಇಂಥ ದೂರು ಕೇಳುವ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ನಿಮ್ಮ ಜಿಲ್ಲೆಯ ಡಿಗ್ರಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ಕೆಳಗೆ ಬರುವುದರಿಂದ ನಿಮ್ಮ ಮೇಲ್ಮನವಿ ಅದರ ಕ್ಯಾಂಪಸ್ ಇರುವ ಶಂಕರಘಟ್ಟಕ್ಕೆ. ಈ ಸಮಿತಿಗಳಲ್ಲಿ ನಿಮ್ಮ ಕಾಲೇಜಿನಿಂದ ಯಾರ ಹೆಸರಿದೆ ಅಂತ ಈ ವಾರವೇ ಆಫೀಸಿನಲ್ಲಿ ಕೇಳಿ. ಕೆಲವು ಸಲ ಪಾಸಾಗಿ ಹೋದವರ ಹೆಸರೇ ಇರುತ್ತೆ.

ಹಾಗೇ ತಿಂಗಳಿಗೊಮ್ಮೆ ಎಲ್ಲಾ ಸಿಆರ್‌ಗಳನ್ನು, ಅಂದರೆ ಕ್ಲಾಸ್ ಪ್ರತಿನಿಧಿಗಳನ್ನು, ಕೂರಿಸಿ ಮಾತಾಡಿ. ಏನು ತೀರ್ಮಾನ ಆಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಗೆ ಆಫೀಸಿನ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ‘ಬಂದೇ ಇಲ್ಲ’ ಅನ್ನಿಸಿಕೊಳ್ಳೋಕೆ ಒಂದು ವಾರ ಸಾಕು.

ಪ್ರಶ್ನೆ: ಮಗ ಹಾಸನದಲ್ಲಿ ಡಿಗ್ರಿ ಓದುತ್ತಿದ್ದಾನೆ. ಕಾಲೇಜು ಎಲೆಕ್ಷನ್ ಮತ್ತೆ ಬರುತ್ತೆ, ಬಂದರೆ ನಿಲ್ತೀನಿ ಅಂತ ಕುಣಿಯುತ್ತಿದ್ದಾನೆ. ಆಲೂಗಡ್ಡೆ ಬೆಳೆದು ಫೀಸು ಕಟ್ಟುವವರು ನಾವು. ಇದಕ್ಕೆ ಎಷ್ಟು ದುಡ್ಡು ಬೇಕು? ಬೇಡ ಅನ್ನಲಾ? (ಅರಕಲಗೂಡಿನ ಓದುಗರು)

ಉತ್ತರ: ದುಡ್ಡಿನ ಚಿಂತೆ ಬಿಡಿ ಯಜಮಾನರೇ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಲಿಂಗ್ಡೋ ಅವರ ಸಮಿತಿ 2006ರಲ್ಲಿ ವಿದ್ಯಾರ್ಥಿ ಚುನಾವಣೆಗೆ ನಿಯಮ ಮಾಡಿಕೊಟ್ಟಿತು. ಅದನ್ನು ಪಾಲಿಸಿ ಅಂತ ಅದೇ ವರ್ಷ ಸುಪ್ರೀಂ ಕೋರ್ಟ್ ಆದೇಶವೂ ಆಯಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಫಲಿತಾಂಶ ಬಂದ ಎರಡು ವಾರದಲ್ಲಿ ಲೆಕ್ಕ ಕೊಡಬೇಕು. ಪಕ್ಷದ ದುಡ್ಡು ಮುಟ್ಟಬಾರದು. ಪ್ರಿಂಟ್ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ನಾಮಪತ್ರದಿಂದ ಫಲಿತಾಂಶದವರೆಗೆ ಹತ್ತೇ ದಿನ. ಆ ವರ್ಷ ಯಾವ ಸಬ್ಜೆಕ್ಟೂ ಬಾಕಿ ಇರಬಾರದು, ಹಾಜರಿ 75 ಪರ್ಸೆಂಟ್ ಅಥವಾ ವಿಶ್ವವಿದ್ಯಾಲಯ ಹೇಳಿದಷ್ಟು, ಯಾವುದು ಜಾಸ್ತಿಯೋ ಅಷ್ಟು ಇರಬೇಕು. ಡಿಗ್ರಿ ಹುಡುಗರಿಗೆ ವಯಸ್ಸು 22 ದಾಟಿರಬಾರದು. ಪದಾಧಿಕಾರಿ ಹುದ್ದೆಗೆ ಒಂದೇ ಸಲ ಅವಕಾಶ.

ಇದೆಲ್ಲ ಎಲ್ಲಾ ಕಡೆ ಹಾಗೇ ನಡೆಯುತ್ತಾ ಅಂದರೆ, ಇಲ್ಲ. ದೆಹಲಿಯಂಥ ಕಡೆ ಕಾರು, ಬ್ಯಾನರ್ ಎಲ್ಲಾ ಇಳಿಯುತ್ತೆ. ಅದೇ ಊರಿನ ಜೆಎನ್‌ಯುನಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತವರೆಲ್ಲ ಒಂದೇ ವೇದಿಕೆ ಹತ್ತಿ ವಾದ ಮಾಡುತ್ತಾರೆ. ನಮ್ಮಲ್ಲೂ ಬಂದರೆ ಆ ಥರ ಬರಲಿ ಅಂತ ನನ್ನ ಆಸೆ.

ಬೇಡ ಅನ್ನಬೇಡಿ. ಬಾಕಿ ಸಬ್ಜೆಕ್ಟ್ ಇದೆಯಾ ಅಂತ ಮಾತ್ರ ಕೇಳಿ. ಮೊದಲು ಕ್ಲಾಸಿಗೆ ಸಿಆರ್ ಆಗಿ ಒಂದು ವರ್ಷ ಕೆಲಸ ಮಾಡು ಅನ್ನಿ. ರಜೆ ದಿನ ಲೈಬ್ರರಿ ತೆಗೆಸಿದನಾ, ಸ್ಕಾಲರ್‌ಶಿಪ್ ಅರ್ಜಿ ತುಂಬೋಕೆ ಗೊತ್ತಾಗದವರ ಜೊತೆ ಕೂತನಾ ನೋಡಿ. ಅದು ಬೇಜಾರಾಯಿತು ಅಂದರೆ ಅವನಿಗೆ ಬೇಕಾಗಿರೋದು ಹಾರ, ಪಟಾಕಿ.

ಪ್ರಶ್ನೆ: ನಮ್ಮದು ಸರ್ಕಾರಿ ಕಾಲೇಜು. ಪ್ರತಿ ವರ್ಷ ಫೀಸಿನಲ್ಲಿ ಯೂನಿಯನ್ ಫೀ ಅಂತ ಹಿಡಿಯುತ್ತಾರೆ. ಲೆಕ್ಕ ಕೇಳಬಹುದಾ? ಕ್ಯಾಂಟೀನಿನ ವಡೆ ರೇಟೂ ಏರಿದೆ. (ಬೇಲೂರಿನ ಓದುಗರು)

ಉತ್ತರ: ಧಾರಾಳವಾಗಿ ಕೇಳಬಹುದು. ಮೊದಲು ಸಂಘದ ಸಭೆಯಲ್ಲಿ ಬಾಯಿಮಾತಲ್ಲೇ ಕೇಳಿ. ಎಷ್ಟೋ ಸಲ ಸೂಪರಿಂಟೆಂಡೆಂಟ್ ಅಲ್ಲೇ ಕ್ಯಾಶ್ ಬುಕ್ ತೆಗೆದು ತೋರಿಸುತ್ತಾರೆ. ತೋರಿಸಲಿಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಅದಕ್ಕೆ ವಡೆಯನ್ನು ಅದರಲ್ಲಿ ಸೇರಿಸಬೇಡಿ.