ಟೆಕ್ಸಾಸ್‌ನಲ್ಲಿ ನಮ್ಮ ಕನ್ನಡ ಕೂಟದ ಯಕ್ಷಗಾನಕ್ಕೆ ಸಿಟಿಯ ಹೋಟೆಲ್ ತೆರಿಗೆ ಗ್ರ್ಯಾಂಟ್ ಸಿಗುತ್ತಾ? ಅರ್ಜಿಯಲ್ಲಿ ಏನು ಬರೆಯಬೇಕು?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗೋಕೆ ಆಗಲಿಲ್ಲ. ಸಣ್ಣ ಊರು, ಎಪ್ಪತ್ತು ಮನೆಗಳ ಕೂಟ, ಅಕ್ಟೋಬರ್‌ನಲ್ಲಿ ಎರಡು ದಿನದ ಯಕ್ಷಗಾನ, ಹೋಟೆಲ್ ರೂಮಿನ ಮೇಲೆ ಹಾಕುವ ತೆರಿಗೆಯಿಂದ ಸಿಟಿ ಕೊಡುವ ನೆರವಿನಲ್ಲಿ ಐದು ಸಾವಿರ ಡಾಲರ್ ಕೇಳುವ ಯೋಚನೆ. "ನಮ್ಮ ಕಲೆಯ ಮಹತ್ವವನ್ನು ಹೇಗೆ ಬರೆದರೆ ಅವರಿಗೆ ಅರ್ಥವಾಗುತ್ತೆ?" ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ರಾತ್ರಿಯೆಲ್ಲ ಕೂತಿದ್ದೆ. ನಮ್ಮದೂ ಟೆಕ್ಸಾಸೇ, ಆಸ್ಟಿನ್ ಹತ್ತಿರದ ಒಂದು ಊರು.

ಅರ್ಜಿ ಚೆನ್ನಾಗೇ ಬರೆದೆ. ತೆಂಕು, ಬಡಗು, ಚಂಡೆ, ಮದ್ದಳೆ, ವೇಷ, ಬಣ್ಣ, ಎಲ್ಲ ಸೇರಿ ನಾಲ್ಕು ಪುಟ. ನಾಲ್ಕು ಸಾವಿರ ಡಾಲರ್ ಮಂಜೂರಾಯಿತು. ಆದರೆ ಮಂಜೂರಾಗೋದು ಬೇರೆ, ಚೆಕ್ ಕೈಗೆ ಬರೋದು ಬೇರೆ. ನಮ್ಮ ಊರಿನಲ್ಲಿ ಮೊದಲು ನಾವೇ ಖರ್ಚು ಮಾಡಬೇಕು. ಕಾರ್ಯಕ್ರಮ ಮುಗಿದ 60 ದಿನದೊಳಗೆ ರಸೀದಿ, ವರದಿ ಕೊಟ್ಟರೆ ಹಣ ವಾಪಸ್. ಹಾಗಾಗಿ ಆಡಿಟೋರಿಯಂ ಬಾಡಿಗೆ, ಲೈಟು, ಮೈಕು ಎಲ್ಲವನ್ನೂ ನಮ್ಮ ಖಜಾಂಚಿ ತಮ್ಮ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರು.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಯಾಕೆಂದರೆ ಮಾಡುವಾಗ ಅದು ತಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ. ಒಳ್ಳೆಯ ಕೆಲಸ ಅಂತಲೇ ಮಾಡಿದ್ದೆವು.

ಮೇಳದವರು ಒಂಬತ್ತು ಜನ. ಡಲ್ಲಾಸ್, ಹ್ಯೂಸ್ಟನ್ ಕಡೆಯಿಂದ ಬಂದವರು ಐವತ್ತನಾಲ್ಕು. ಅಷ್ಟೂ ಜನರನ್ನು ನಾವು ಮನೆಗಳಲ್ಲೇ ಉಳಿಸಿಕೊಂಡೆವು. ಅದಕ್ಕೊಂದು ಎಕ್ಸೆಲ್ ಹಾಳೆ ಮಾಡಿದ್ದೆ. ತಲೆಬರಹ "ಯಾರ ಮನೆಯಲ್ಲಿ ಯಾರು". ಹತ್ತೊಂಬತ್ತು ಮನೆ, ಅರವತ್ತಮೂರು ಹೆಸರು. ಕೊನೆಯ ಕಾಲಂನಲ್ಲಿ ಷರಾ: "ಭಾಗವತರಿಗೆ ಮೊಣಕಾಲು ನೋವು, ಕೆಳಗಿನ ರೂಮೇ ಆಗಬೇಕು", "ಮಗುವಿಗೆ ಬೆಕ್ಕು ಅಂದರೆ ಭಯ". ಬೆಳಿಗ್ಗೆ ನಮ್ಮ ಮನೆಯಲ್ಲಿ ಎರಡು ಹೆಂಚಿನ ಮೇಲೆ ನೀರುದೋಸೆ, ಗ್ಯಾರೇಜಿನಲ್ಲಿ ಚಂಡೆ. ಆ ಎರಡು ದಿನ ನಾನು ಊರಿನಲ್ಲೇ ಇದ್ದ ಹಾಗಿತ್ತು.

ಆಮೇಲೆ ವರದಿಯ ಫಾರ್ಮ್ ತೆರೆದೆ. ಮೊದಲ ಪುಟದಲ್ಲೇ ಒಂದು ಖಾಲಿ ಜಾಗ: ನಿಮ್ಮ ಕಾರ್ಯಕ್ರಮದಿಂದ ಊರಿನ ಹೋಟೆಲ್‌ಗಳಿಗೆ ಬಂದ ರೂಮ್ ನೈಟ್ ಎಷ್ಟು? ಒಂದು ರೂಮು ಒಂದು ರಾತ್ರಿ ತುಂಬಿದರೆ ಒಂದು ರೂಮ್ ನೈಟ್. ನಮ್ಮ ಹಾಳೆಯಲ್ಲಿದ್ದವರನ್ನು ಬಿಟ್ಟು ಇನ್ನೂ ನಾಲ್ಕು ಸಂಸಾರ ಹೋಟೆಲ್‌ನಲ್ಲಿ ಇದ್ದಿದ್ದು ಗೊತ್ತಿತ್ತು. ಆದರೆ ಅವರೆಲ್ಲ ಫೋನಿನ ಆ್ಯಪ್‌ನಲ್ಲಿ ತಾವೇ ಬುಕ್ ಮಾಡಿದ್ದರು. ನಮ್ಮ ಹೆಸರು ಹೋಟೆಲಿನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಹೊರಗಿನಿಂದ ಜನ ಬಂದಿದ್ದರು ಅನ್ನೋದಕ್ಕೆ ಸಾಕ್ಷಿ ಅಂತ ನಾನು ಆ ಎಕ್ಸೆಲ್ ಹಾಳೆಯನ್ನೇ ಲಗತ್ತಿಸಿದೆ.

ಸಿಟಿಯ ಕಚೇರಿಯಲ್ಲಿದ್ದ ಮಹಿಳೆ ಅದನ್ನು ಪೂರ್ತಿ ಓದಿದರು. ಷರಾಗಳನ್ನೂ ಕೇಳಿ ತಿಳಿದುಕೊಂಡರು. ಆಮೇಲೆ ಒಂದು ಚೀಟಿ ಎಳೆದುಕೊಂಡು ಬರೆದರು. ರೂಮಿಗೆ ರಾತ್ರಿಗೆ 110 ಡಾಲರ್ ಅಂತಿಟ್ಟುಕೊಳ್ಳಿ, ಅದರ ಮೇಲೆ ಸಿಟಿಯ ಹೋಟೆಲ್ ತೆರಿಗೆ 7%, ಅಂದರೆ 7 ಡಾಲರ್ 70 ಸೆಂಟ್. ನಿಮ್ಮ ನಾಲ್ಕು ಸಾವಿರ ತೆರಿಗೆಯಾಗಿಯೇ ವಾಪಸ್ ಬರಬೇಕಾದರೆ 500ಕ್ಕಿಂತ ಜಾಸ್ತಿ ರೂಮ್ ನೈಟ್ ಬೇಕು. "ಅಷ್ಟು ನಾವು ಕೇಳಲ್ಲ. ಆದರೆ ಅರವತ್ತಮೂರು ಜನ ಹೋಟೆಲ್‌ಗೆ ಹೋಗಲಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ. ಇದನ್ನು ಹಿಡಿದುಕೊಂಡು ನಾನು ಕೌನ್ಸಿಲ್‌ಗೆ ಏನು ಹೇಳಲಿ?" ಅಂದರು. ಅವರ ದನಿಯಲ್ಲಿ ಬೇಸರವಿತ್ತು, ಸಿಟ್ಟಲ್ಲ.

ಹೊರ ಊರುಗಳಲ್ಲಿ ಜಾಹೀರಾತಿಗೆ ಹಾಕಿದ್ದ 600 ಡಾಲರ್ ಮಾತ್ರ ಬಂತು. ಉಳಿದ 3,400 ಖಜಾಂಚಿಯ ಕಾರ್ಡಿನ ಮೇಲೆ ಕೂತಿತು. ಮನೆಮನೆಯಿಂದ ಎತ್ತಿ ಅವರಿಗೆ ಕೊಟ್ಟು ಮುಗಿಸುವಷ್ಟರಲ್ಲಿ ಎಂಟು ತಿಂಗಳಾಯಿತು. ಬಡ್ಡಿ ಅವರೇ ಕಟ್ಟಿಕೊಂಡರು, ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಆದರೆ ಮತ್ತೆ ಕಮಿಟಿಗೆ ಬರಲಿಲ್ಲ. ಆ ನಷ್ಟ ನನಗೆ ಇವತ್ತಿಗೂ ಇದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕಲೆಯ ಮಹತ್ವ ಎಷ್ಟು ಚೆನ್ನಾಗಿ ಬರೆದರೂ ಅದು ಅರ್ಧ ಉತ್ತರವೂ ಅಲ್ಲ. "ನಾವು ಕಟ್ಟೋ ತೆರಿಗೆ ಹಣ ತಾನೇ, ನಮಗೂ ಹಕ್ಕಿದೆ" ಅಂತ ಬರೆದಿದ್ದೀರಲ್ಲ, ಅದೂ ಸರಿಯಲ್ಲ. ಈ ಹಣ ನಿಮ್ಮ ಮನೆ ತೆರಿಗೆಯಿಂದ ಬರಲ್ಲ. ಹೋಟೆಲ್‌ನಲ್ಲಿ ಉಳಿದುಕೊಂಡ ಅತಿಥಿ ಕಟ್ಟಿದ್ದು. ಟೆಕ್ಸಾಸ್‌ನಲ್ಲಿ ರಾಜ್ಯ 6% ತಗೊಳ್ಳುತ್ತೆ, ಬಹುತೇಕ ಸಿಟಿಗಳು ಅದರ ಮೇಲೆ 7%ವರೆಗೆ ಹಾಕುತ್ತವೆ. ಸಿಟಿಯ ಪಾಲನ್ನು ಹೇಗೆ ಖರ್ಚು ಮಾಡಬೇಕು ಅಂತ ಟೆಕ್ಸಾಸ್ ತೆರಿಗೆ ಕಾಯ್ದೆಯ 351ನೇ ಅಧ್ಯಾಯ ಹೇಳುತ್ತೆ. ಖರ್ಚು ಪ್ರವಾಸೋದ್ಯಮವನ್ನೂ ಹೋಟೆಲ್ ವ್ಯಾಪಾರವನ್ನೂ ಬೆಳೆಸಬೇಕು. ಜೊತೆಗೆ ಕಾಯ್ದೆ ಪಟ್ಟಿ ಮಾಡಿದ ಬಾಬತ್ತುಗಳಲ್ಲಿ ಒಂದಕ್ಕೆ ಸೇರಬೇಕು. ಜಾಹೀರಾತು, ಕಲೆ, ಐತಿಹಾಸಿಕ ಕಟ್ಟಡ, ಹೀಗೆ. ಎರಡೂ ಬೇಕು. ನಮ್ಮದು ಕಲೆ ಅನ್ನೋದರಲ್ಲಿ ಪಾಸಾಯಿತು, ಹೋಟೆಲ್ ಅನ್ನೋದರಲ್ಲಿ ಬಿತ್ತು.

ಅದೇ ಕಾಯ್ದೆಯಲ್ಲಿ ಪ್ರವಾಸಿ ಅಂದರೆ ಯಾರು ಅಂತಲೂ ಇದೆ. ವಿನೋದಕ್ಕೋ, ಕಲಿಕೆಗೋ, ಸಂಸ್ಕೃತಿಗೋ ಅಂತ ತನ್ನ ಊರು ಬಿಟ್ಟು ಬೇರೆ ಊರಿಗೆ ಹೋಗುವವನು ಪ್ರವಾಸಿ. ಅಂದರೆ ಡಲ್ಲಾಸ್‌ನಿಂದ ಆಟ ನೋಡೋಕೆ ಬರುವ ನಮ್ಮ ಶೆಟ್ಟರೂ ಭಟ್ಟರೂ ಕಾಯ್ದೆಯ ಪ್ರಕಾರ ಪ್ರವಾಸಿಗಳೇ. ಇದನ್ನು ಓದಿದ ಮೇಲೇ ನನಗೆ ಮತ್ತೆ ಧೈರ್ಯ ಬಂದಿದ್ದು.

ಎರಡನೇ ಸಲ ಮೊದಲು ಹೋಟೆಲ್‌ಗೆ ಹೋದೆ, ಆಮೇಲೆ ಅರ್ಜಿ. ಮೂವತ್ತು ರೂಮಿನ ಕರ್ಟಸಿ ಬ್ಲಾಕ್ ಮಾಡಿಸಿದೆ. ಅಂದರೆ ನಮ್ಮ ಹೆಸರಲ್ಲಿ ರೂಮು ಎತ್ತಿಡುತ್ತಾರೆ, ಉಳಿದದ್ದನ್ನು ಒಂದು ತಾರೀಖಿನ ನಂತರ ವಾಪಸ್ ತಗೊಳ್ಳುತ್ತಾರೆ, ದಂಡ ಇಲ್ಲ. ಬೇರೆ ಥರದ ಒಪ್ಪಂದದಲ್ಲಿ ತುಂಬದ ರೂಮಿಗೂ ನೀವೇ ದುಡ್ಡು ಕಟ್ಟಬೇಕಾಗುತ್ತೆ. ಸಹಿ ಹಾಕುವ ಮುಂಚೆ ಆ ಸಾಲು ಹುಡುಕಿ ಓದಿ. ಕೊನೆಗೆ ಹೋಟೆಲ್‌ನವರು ಎಷ್ಟು ರೂಮು ಹೋಯಿತು ಅಂತ ಪಿಕಪ್ ರಿಪೋರ್ಟ್ ಕೊಡುತ್ತಾರೆ. ಸಿಟಿಗೆ ಬೇಕಾದ ಕಾಗದ ಅದೇ. ಟಿಕೆಟ್ ಕೊಡುವಾಗ ಪ್ರತಿಯೊಬ್ಬರ ಜಿಪ್ ಕೋಡ್ ತಗೊಳ್ಳಿ, ಹೊರಗಿನವರು ಎಷ್ಟು ಅನ್ನೋದು ಅದರಲ್ಲೇ ಗೊತ್ತಾಗುತ್ತೆ.

ಅಕ್ಟೋಬರ್ ಬಿಡಿ. ಆಸ್ಟಿನ್ ಸುತ್ತ ಆ ತಿಂಗಳು ಕಾರ್ ರೇಸು, ಸಂಗೀತ ಉತ್ಸವ, ಫುಟ್‌ಬಾಲ್, ಹೋಟೆಲ್‌ಗಳು ಹೇಗೂ ತುಂಬಿರುತ್ತವೆ. ತುಂಬಿದ ವಾರದಲ್ಲಿ ನಿಮ್ಮ ಮೂವತ್ತು ರೂಮು ಯಾರಿಗೆ ಬೇಕು? ನಾವು ಜನವರಿಗೆ ಹಾಕಿಕೊಂಡೆವು. ಸಂಕ್ರಾಂತಿ ಆದ ಮೇಲೆ ಸೋಮವಾರ ರಜೆ ಇರುವ ವಾರಾಂತ್ಯ, ಹೋಟೆಲ್‌ಗಳು ಖಾಲಿ ಹೊಡೆಯುವ ಸಮಯ.

ಕೂಟದಲ್ಲಿ ಜಗಳ ಆಯಿತು. "ಮನೆಗೆ ಬಂದೋರ್ನ ಹೋಟೆಲಿಗೆ ಅಟ್ಟೋದಾ?" ಅಂತ ನಮ್ಮ ಹಿರಿಯಮ್ಮ ಒಬ್ಬರು ಸಭೆಯಲ್ಲೇ ಕಣ್ಣೀರು ಹಾಕಿದರು. ಅವರ ಮಾತು ನನಗೂ ತಾಗಿತು. ಮಲಗೋದು ಹೋಟೆಲ್‌ನಲ್ಲಿ, ಊಟ ತಿಂಡಿ ಮನೆಗಳಲ್ಲಿ ಅಂತ ತೀರ್ಮಾನ ಮಾಡಿದೆವು. "ಯಾರ ಮನೆಯಲ್ಲಿ ಯಾರು" ಹಾಳೆ ಹಾಗೇ ಉಳಿಯಿತು, ಊಟದ ಹಾಳೆಯಾಗಿ. 2020ರ ಜನವರಿಯಲ್ಲಿ 52 ರೂಮ್ ನೈಟ್ ತೋರಿಸಿದೆವು. ಕೇಳಿದ್ದು 2,500, ಬಂದಿದ್ದೂ 2,500.

ಎರಡೇ ತಿಂಗಳಿಗೆ ಕೊರೋನಾ. ಹೋಟೆಲ್‌ಗಳೇ ಖಾಲಿ, ತೆರಿಗೆ ಎಲ್ಲಿಂದ ಬರಬೇಕು? ನಮ್ಮ ಸಿಟಿ ಗ್ರ್ಯಾಂಟ್ ನಿಲ್ಲಿಸಿತು. ಮತ್ತೆ ಶುರುವಾಗಿದ್ದು 2022ರಲ್ಲಿ. ಇದನ್ನು ನಂಬಿಕೊಂಡು ಕೂಟದ ವರ್ಷದ ಬಜೆಟ್ ಮಾಡಬೇಡಿ. ಯಾರ ಸ್ವಂತ ಕಾರ್ಡನ್ನೂ ಮುಟ್ಟಬೇಡಿ, ಕೂಟದ ಖಾತೆಯಲ್ಲಿ ಪೂರ್ತಿ ಹಣ ಇದ್ದರೆ ಮಾತ್ರ ಖರ್ಚು ಮಾಡಿ.

ನಿಮ್ಮ ಪ್ರೇಕ್ಷಕರು ಹೆಚ್ಚುಕಮ್ಮಿ ಊರಿನವರೇ ಅಂತಾದರೆ ಈ ಅರ್ಜಿ ಹಾಕಲೇಬೇಡಿ. ಕಲೆಗೆ ನೆರವು ಕೊಡುವ ರಾಜ್ಯದ ಸಂಸ್ಥೆ ಟೆಕ್ಸಾಸ್ ಕಮಿಷನ್ ಆನ್ ದಿ ಆರ್ಟ್ಸ್ ಕಡೆ ನೋಡಿ, ನಾನು ಬರೆದಂಥ ನಾಲ್ಕು ಪುಟಕ್ಕೆ ಅಲ್ಲಿ ಬೆಲೆ ಇದೆ. ಹೊರಗಿನಿಂದ ನಿಜವಾಗಿ ಜನ ಬರ್ತಾರೆ ಅಂತಾದರೆ, ಎಷ್ಟು ಸಂಸಾರ, ಎಷ್ಟು ರಾತ್ರಿ, ಯಾವ ಊರಿಂದ ಅಂತ ಎಣಿಸಿ ಇಲ್ಲೇ ಕೆಳಗೆ ಬರೆಯಿರಿ. ಎಷ್ಟು ಕೇಳಬಹುದು ಅಂತ ನೋಡಿ ಹೇಳುತ್ತೇನೆ.